ಪೆರುವಿಗೆ ಮಗ್ಗದ ಪ್ರವಾಸ: ತಂಡ ಹೊರಡಿಸುವುದು ಹೇಗೆ?

ಕೈಮಗ್ಗದ ಹುಚ್ಚಿರುವ ಹತ್ತು ಜನ ಸೇರಿ ಪೆರುವಿಗೆ ಹೊರಡುವ ಮುನ್ನ ಒಂದು ಮಾತು ಇತ್ಯರ್ಥವಾಗಬೇಕು: ನೋಡಿ ಬರುವುದೋ, ಕೂತು ನೇಯ್ದು ಬರುವುದೋ? ಪ್ರವಾಸದ ಪಟ್ಟಿಗಳಲ್ಲಿ 'ನೇಯ್ಗೆ ಪ್ರಾತ್ಯಕ್ಷಿಕೆ' ಎಂದು ಕಾಣುವುದು ಬಹುತೇಕ ಅರ್ಧ ಗಂಟೆಯ ಪ್ರದರ್ಶನ, ಕೊನೆಗೆ ಅಂಗಡಿ. ನೇಯುವ ಆಸೆಯಿದ್ದರೆ ಊರು ಕಡಿಮೆ ಮಾಡಿ, ದಿನ ಹೆಚ್ಚಿಸಿ. ಎರಡು ವಾರ, ಎಂಟರಿಂದ ಹನ್ನೆರಡು ಜನ, ಇಬ್ಬರು ಕಲಿಯುವವರಿಗೆ ಒಬ್ಬ ನೇಕಾರ್ತಿ. ಇದಕ್ಕಿಂತ ದೊಡ್ಡ ತಂಡವಾದರೆ ಹಿಂದಿನ ಸಾಲಿನವರಿಗೆ ಬೆರಳೇ ಕಾಣುವುದಿಲ್ಲ.

ಮೊದಲು ಕಾಗದಪತ್ರ

ಮಳೆಯಿಲ್ಲದ ತಿಂಗಳು ಮೇಯಿಂದ ಸೆಪ್ಟೆಂಬರ್. ಜೂನ್ 24ರ ಇಂತಿ ರೈಮಿ ಹಬ್ಬದ ಆಸುಪಾಸು ಬೆಟ್ಟದ ಮೇಲಿನ ಕುಸ್ಕೊ ನಗರ ಕಿಕ್ಕಿರಿಯುತ್ತದೆ, ಆ ವಾರ ಬಿಟ್ಟುಬಿಡಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಶೆಂಗೆನ್ ವೀಸಾದಲ್ಲಿ ಕನಿಷ್ಠ ಆರು ತಿಂಗಳು ಬಾಕಿಯಿರುವ ಭಾರತೀಯರಿಗೆ ಪೆರುವಿನ ವೀಸಾ ಬೇಡ. ಉಳಿದವರು ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಟಿಕೆಟ್ ತೆಗೆಯುವ ಮುನ್ನ ನಿಯಮ ಬದಲಾಗಿದೆಯೇ ನೋಡಿಕೊಳ್ಳಿ. ಅಮೆರಿಕದ ಮೂಲಕ ಹೋಗುವ ವಿಮಾನಕ್ಕೆ ಅಲ್ಲಿನ ವೀಸಾ ಬೇಕೇ ಬೇಕು.

ಹೆಚ್ಚಿನವರು ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಆ ಕಾಯಿಲೆಯ ಭಯ ಇರುವುದು ಅಮೆಜಾನ್ ಕಡೆಯ ಕಾಡಿನಲ್ಲಿ, ಕುಸ್ಕೊದಲ್ಲಲ್ಲ. ಆದರೆ ವಾಪಸು ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ನೋಡುವುದು ದೇಶದ ಹೆಸರನ್ನು. ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಅದು ಊರ್ಜಿತ. 60 ದಾಟಿದವರು ಮೊದಲು ವೈದ್ಯರನ್ನು ಕೇಳಲೇಬೇಕು. ಇಂಥ ತಂಡಗಳಲ್ಲಿ ನಿವೃತ್ತರೇ ಹೆಚ್ಚು.

ಎತ್ತರಕ್ಕೆ ಹಂತಹಂತವಾಗಿ

ರಾಜಧಾನಿ ಲಿಮಾ ಸಮುದ್ರದ ಪಕ್ಕ. ಕುಸ್ಕೊ 3,400 ಮೀಟರ್, ನೇಕಾರರ ಊರು ಚಿಂಚೆರೊ 3,760. ವಿಮಾನ ಇಳಿದ ರಾತ್ರಿ ಕುಸ್ಕೊದಲ್ಲೇ ಮಲಗಿದರೆ ತಲೆನೋವು, ವಾಂತಿ ಶುರುವಾಗಿ ಎರಡು ದಿನ ಕೈಬಿಟ್ಟುಹೋಗಬಹುದು. ಇಳಿದವರೇ ನೇರವಾಗಿ 2,800 ಮೀಟರಿನ ಉರುಬಂಬಾ ಕಣಿವೆಗೆ ಹೋಗಿ, ಮೂರು ರಾತ್ರಿ ಅಲ್ಲಿದ್ದು, ಹಗಲು ಮಾತ್ರ ಚಿಂಚೆರೊಗೆ ಹತ್ತಿ ಇಳಿಯಿರಿ. ಕುಸ್ಕೊ ಆಮೇಲೆ. ಟಿಟಿಕಾಕಾ ಸರೋವರದ ಟಕಿಲೆ ದ್ವೀಪ ಕೊನೆಗಿರಲಿ. ಅಲ್ಲಿ ಟೋಪಿ ಹೆಣೆಯುವವರು ಗಂಡಸರು, ಆದರೆ ದಡದಿಂದ ಊರಿಗೆ ಏರಲು ನೂರಾರು ಮೆಟ್ಟಿಲು.

ಮಗ್ಗದ ಮುಂದೆ

ಕುಸ್ಕೊದಲ್ಲಿ ಚಿಂಚೆರೊದವರೇ ಆದ ನಿಲ್ಡಾ ಕಾಯ್ಯನ್ಯಾಉಪಾ 1996ರಲ್ಲಿ ಕಟ್ಟಿದ ಸಾಂಪ್ರದಾಯಿಕ ಜವಳಿ ಕೇಂದ್ರ ಹತ್ತು ಹಳ್ಳಿಗಳ ನೇಕಾರರೊಂದಿಗೆ ಕೆಲಸ ಮಾಡುತ್ತದೆ. ತರಗತಿಗಾಗಿ ಮೊದಲು ಅಲ್ಲಿ ವಿಚಾರಿಸಿ. ಹಳ್ಳಿಯ ನೇಕಾರ್ತಿಯರದು ಕೆಚುವಾ ಭಾಷೆ, ಜೊತೆಗೆ ಸ್ಪ್ಯಾನಿಷ್, ದುಭಾಷಿ ಬೇಕು.

ಅಲ್ಲಿನ ಮಗ್ಗಕ್ಕೆ ಚೌಕಟ್ಟಿಲ್ಲ, ಎಳೆಗಳನ್ನು ಬಿಡಿಸಿಡುವ ಫಣಿಯಿಲ್ಲ. ಹಾಸಿನ (ಉದ್ದ ಎಳೆಗಳ) ಒಂದು ತುದಿ ಕಂಬಕ್ಕೆ, ಇನ್ನೊಂದು ನಿಮ್ಮ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಮೈಯೇ ಮಗ್ಗವಾದ್ದರಿಂದ ಮಂಡಿ, ಬೆನ್ನು ನೋವಿರುವವರಿಗೆ ತಗ್ಗು ಮಣೆ ಕೇಳಿಡಿ. ನಮ್ಮ ಕಂಬಳಿಯ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಇಲ್ಲಿ ಗಂಜಿಯ ಕೆಲಸವನ್ನು ಹುರಿಯೇ ಮಾಡುತ್ತದೆ. ಎರಡೆಳೆ ಸೇರಿಸಿ ಬಲವಾಗಿ ಹೊಸೆದ ನೂಲು ಬಿಟ್ಟ ಕೂಡಲೇ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳಬೇಕು.

ಮೊದಲ ಪಾಠ 'ಹಾಕಿಮಾ', ಎರಡು ಬೆರಳಗಲದ ಪಟ್ಟಿ. ಚಿಂಚೆರೊದ ಮಕ್ಕಳು ಕಲಿಯುವುದೂ ಇದನ್ನೇ. ಬೇಕಾದ ಎಳೆಗಳನ್ನು ಬೆರಳಿನಿಂದ ಆರಿಸಿ ಎತ್ತಿ, ಹೊಕ್ಕು (ಅಡ್ಡ ಎಳೆ) ತೂರಿಸಿ, ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಯ ಮೂಳೆಯ ಮೊನಚು ಕಡ್ಡಿ 'ರುಕಿ'ಯಿಂದ ಕೆಳಗೆ ಬಡಿಯಬೇಕು. ಮೇಲೆ ಕಾಣುವುದು ಹಾಸು ಮಾತ್ರ, ಹೊಕ್ಕು ಒಳಗೇ ಅಡಗಿರುತ್ತದೆ. ಹೊಸಬರು ಹೊಕ್ಕನ್ನು ಜಗ್ಗಿ ಎಳೆಯುತ್ತಾರೆ. ಮೂರು ಸೆಂಟಿಮೀಟರ್ ಅಗಲದಲ್ಲಿ ಶುರುವಾದ ಪಟ್ಟಿ ಗೇಣು ನೇಯುವಷ್ಟರಲ್ಲಿ ಎರಡಕ್ಕೆ ಬಂದಿರುತ್ತದೆ. ಆರಂಭದ ಅಗಲಕ್ಕೆ ಕತ್ತರಿಸಿದ ಕಡ್ಡಿಯೊಂದನ್ನು ಪಕ್ಕದಲ್ಲಿಟ್ಟು ಪ್ರತಿ ಹತ್ತು ಸಾಲಿಗೆ ಅಳೆಯಿರಿ. ಇನ್ನೊಂದು: ಎದ್ದುಹೋಗುವ ಮುನ್ನ ಹಾಸಿನ ಎಳೆಗಳು ಒಂದನ್ನೊಂದು ಅಡ್ಡ ಹಾಯುವ ಜಾಗಕ್ಕೆ ದಾರ ಕಟ್ಟಿ. ಆ ಅಡ್ಡ ಕಳಚಿದರೆ ಎಳೆಗಳ ಕ್ರಮವೇ ಹೋಗಿ, ಹಾಸನ್ನು ಹೊಸದಾಗಿ ಹೂಡಬೇಕಾಗುತ್ತದೆ. ಹಾಕಿಮಾಕ್ಕೆ ಮೂರು ಅರ್ಧ ದಿನ ಇಡಿ.

ಕನ್ನಡಿಗರು ತಪ್ಪಿಸಿಕೊಳ್ಳಬಾರದ ಊರು ಪಿಟುಮಾರ್ಕಾ. ಅಲ್ಲಿನ 'ಟಿಕ್ಲಾ' ನೇಯ್ಗೆಯಲ್ಲಿ ಒಂದು ಬಣ್ಣದ ಹಾಸು ನಡುವೆಯೇ ನಿಂತು, ಇನ್ನೊಂದು ಬಣ್ಣದ ಹಾಸಿನೊಂದಿಗೆ ಕುಣಿಕೆಯಾಗಿ ಕೂಡುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನೊಂದಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಸೇರಿಸುವುದನ್ನು ಕಂಡವರಿಗೆ ಒಡನೆಯೇ ಹೊಳೆಯುತ್ತದೆ. ವ್ಯತ್ಯಾಸವಿಷ್ಟೆ: ಟಿಕ್ಲಾದಲ್ಲಿ ಕೂಡುವ ಜಾಗಕ್ಕೊಂದು ತಾತ್ಕಾಲಿಕ ಆಸರೆ ದಾರ ಕಟ್ಟಿಕೊಂಡು, ಆಮೇಲೆ ಎಳೆದು ತೆಗೆಯುತ್ತಾರೆ. ತಂಡದಲ್ಲಿ ಒಬ್ಬರಾದರೂ ಇಳಕಲ್ ಸೀರೆ ಒಯ್ಯಿರಿ. ದುಭಾಷಿಗಿಂತ ಹೆಚ್ಚು ಮಾತಾಡುತ್ತದೆ.

ಬಣ್ಣದ ದಿನ

ಕೆಂಪು ಬರುವುದು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಲ್ ಹುಳುವಿನಿಂದ. ಹುಳು ಅರೆಯುವುದನ್ನು ನೋಡಲಾಗದವರಿಗೆ ಮೊದಲೇ ಹೇಳಿಡಿ. (ಇದೇ ಕೆಂಪಿನ ಆಸೆಗೆ 18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಕಳ್ಳಿ ಬೆಳೆಸಿತು. ತರಿಸಿದ್ದು ಬೇರೆ ಜಾತಿಯ ಹುಳು. ಬಣ್ಣ ಕಳಪೆಯಾಯಿತು, ಹುಳು ಕಳ್ಳಿಯನ್ನೇ ತಿಂದುಹಾಕಿತು.) ಅಂಗೈಯಲ್ಲಿ ಒಂದು ಹುಳು ಒತ್ತಿದರೆ ಕಡುಗೆಂಪು. ಅದಕ್ಕೆ ನಿಂಬೆರಸ ಬಿದ್ದರೆ ಕಿತ್ತಳೆಗೆ ತಿರುಗುತ್ತದೆ, ಅಡುಗೆ ಸೋಡಾ ಸೋಕಿದರೆ ನೇರಳೆಗೆ.

ಮನೆಯಲ್ಲಿ ಮಾಡಿನೋಡಲು 100 ಗ್ರಾಂ ಒಣ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕ, 10 ಗ್ರಾಂ ಒಣಹುಳುವಿನ ಪುಡಿ ಸಾಕು. ಚಿಂಚೆರೊದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಉಣ್ಣೆ ತಾನಾಗಿಯೇ ಹದದಲ್ಲಿರುತ್ತದೆ. ಬೆಂಗಳೂರಿನಲ್ಲಿ ಉರಿ ತಗ್ಗಿಸಬೇಕು. ಕೊತಕೊತ ಕುದಿಸಿ ಕಲಕಿದರೆ ನೂಲು ಒಂದಕ್ಕೊಂದು ಅಂಟಿ ಗಡುಸಾಗುತ್ತದೆ.

ಊಟ, ಖರೀದಿ

'ಸಿನ್ ಕಾರ್ನೆ' ಎಂದರೆ ಮಾಂಸ ಬೇಡ ಎಂದರ್ಥ, ಆದರೂ ಕೋಳಿ ಬಂದೀತು. 'ಸಿನ್ ಪೊಯೊ, ಸಿನ್ ಪೆಸ್ಕಾದೊ' ಎಂದು ಕೋಳಿ, ಮೀನನ್ನೂ ಬಿಡಿಸಿ ಹೇಳಿ; ಸೂಪಿನ ನೀರು ಯಾವುದೆಂದೂ ಕೇಳಿ.

ಅಲ್ಪಾಕಾ ಲಾಮಾದ ಹತ್ತಿರದ ಪ್ರಾಣಿ. 'ಬೇಬಿ ಅಲ್ಪಾಕಾ' ಎಂದರೆ ಮರಿಯ ಉಣ್ಣೆಯಲ್ಲ, ನವುರಿನ ದರ್ಜೆ. ಸಂತೆಯ ಅಗ್ಗದ ಶಾಲು ಬಹುಪಾಲು ಅಕ್ರಿಲಿಕ್. ಅಂಗಡಿಯವರನ್ನು ಕೇಳಿ ಒಂದು ಎಳೆ ಸುಟ್ಟುನೋಡಿ: ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ ಬಂದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್. ಪ್ರಾಚೀನ ಬಟ್ಟೆಯ ತುಂಡೆಂದು ಮಾರಲು ಬಂದದ್ದನ್ನು ಮುಟ್ಟಬೇಡಿ, ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಕೋಕಾ ಚಹಾ ಅಲ್ಲೇ ಕುಡಿದು ಮುಗಿಸಿ. ಆ ಎಲೆಗೆ ಭಾರತದಲ್ಲಿ ಮಾದಕವಸ್ತು ಕಾಯಿದೆ ಅನ್ವಯಿಸುತ್ತದೆ.

ಮುಗಿಯದ ಹಾಕಿಮಾವನ್ನು ಕತ್ತರಿಸಬೇಡಿ. ಅಡ್ಡಕ್ಕೆ ದಾರ ಕಟ್ಟಿ, ಕಡ್ಡಿಗಳ ಸಮೇತ ಸುರುಳಿ ಸುತ್ತಿ, ಬಟ್ಟೆಯಲ್ಲಿ ಬಿಗಿದು ಚೆಕ್ ಇನ್ ಪೆಟ್ಟಿಗೆಗೆ ಹಾಕಿ. ಮೊನಚಾದ ರುಕಿಯನ್ನು ಕೈಚೀಲದಲ್ಲಿ ಬಿಡಲಿಕ್ಕಿಲ್ಲ. ಮನೆಯಲ್ಲಿ ಕಂಬ ಹುಡುಕಬೇಕಿಲ್ಲ, ಕಿಟಕಿಯ ಸರಳು ಸಾಕು.