ನಾಲೆಗೆ ನೀರು ಬಿಟ್ಟರೆ ಅವ್ವ ಕಿಟಕಿ ಮುಚ್ಚುತ್ತಾಳೆ: ಮನೆಯ ನೋವಿನ ಮೇಲೆ ಸಾಕ್ಷ್ಯಚಿತ್ರ ಮಾಡುವವರಿಗೆ

ಅಪ್ಪ ತೀರಿಕೊಂಡಾಗ ನನಗೆ 11 ವರ್ಷ. 2013ನೇ ಇಸವಿ. ಆಲೆಮನೆ ಕೆಲಸ ಮುಗಿಸಿ ರಾತ್ರಿ ಎಕ್ಸೆಲ್ ಮೊಪೆಡ್‌ನಲ್ಲಿ ಬರುತ್ತಿದ್ದವರು ತಿರುವಿನಲ್ಲಿ ಗಾಡಿ ಸಮೇತ ನಾಲೆಗೆ ಬಿದ್ದರು. ನಮ್ಮೂರು ಪಾಂಡವಪುರದ ಕಡೆ. ಹತ್ತು ವರ್ಷ ಆದ ಮೇಲೆ, ಮೈಸೂರಿನಲ್ಲಿ ಎಂಎ ಓದುವಾಗ, ಅದರ ಮೇಲೆ 14 ನಿಮಿಷದ ಚಿತ್ರ ಮಾಡಿದೆ. ಈಗ ಜೂನಿಯರ್‌ಗಳು ಬಂದು ಕೇಳುತ್ತಾರೆ, ‘ಅಕ್ಕಾ, ನಮ್ಮ ಮನೆಯಲ್ಲೂ ಹಿಂಗೊಂದು ಆಗಿದೆ, ಚಿತ್ರ ಮಾಡಬಹುದಾ?’ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕ್ಯಾಮೆರಾ ಮುಟ್ಟುವ ಮೊದಲು ನಿಮ್ಮ ಕಥೆಯನ್ನು ಒಬ್ಬರ ಮುಂದೆ ಕೂತು ಪೂರ್ತಿ ಹೇಳಿ. ಸ್ನೇಹಿತೆ ಆಗಲಿ, ಆಪ್ತಸಮಾಲೋಚಕರಾಗಲಿ. ನಾನು ಗೆಳತಿಗೆ ಹೇಳಿದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಹೇಳಿದ ರಾತ್ರಿ ನಿದ್ದೆ ಬಂತಾ? ಮಾರನೇ ದಿನ ಊಟ ಸೇರಿತಾ? ಇಲ್ಲ ಅಂದರೆ ಇನ್ನೂ ಸ್ವಲ್ಪ ಕಾಯಿರಿ. ಸೆಮಿಸ್ಟರ್ ಪ್ರಾಜೆಕ್ಟಿಗೆ ಬೇರೆ ವಿಷಯ ಸಿಗುತ್ತದೆ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಶೂಟಿಂಗ್ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಈ ನಂಬರ್ ಬರೆದಿಟ್ಟುಕೊಳ್ಳಿ. ನಿಮಗೂ ಬೇಕಾಗಬಹುದು, ಕ್ಯಾಮೆರಾ ಮುಂದೆ ಕೂರುವವರಿಗೂ ಬೇಕಾಗಬಹುದು.

ಇನ್ನು ಒಪ್ಪಿಗೆಯ ವಿಷಯ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಅವ್ವ ‘ಆಯ್ತು ಮಾಡು’ ಅಂದದ್ದೇ ತಡ, ಟ್ರೈಪಾಡ್ ನಿಲ್ಲಿಸಿ ನೇರವಾಗಿ ‘ಅವತ್ತು ಏನಾಯ್ತವ್ವ?’ ಅಂತ ಕೇಳಿಬಿಟ್ಟೆ. ಅವಳ ಉಸಿರು ಬಿಗಿಯಿತು. ಕೈ ನಡುಗಿತು. ‘ಬುಡು ಕಣ್ಮಗ’ ಅಂದಳು. ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ. 40 ಸೆಕೆಂಡ್. ಆ ತುಣುಕು ನೋಡಿದ ಒಬ್ಬ ಮೇಷ್ಟ್ರು ‘ಇದೇ ನಿನ್ನ ಚಿತ್ರದ ಜೀವ’ ಅಂದರು. ನಾನು ಅದನ್ನು ಅಳಿಸಿಹಾಕಿದೆ. ಬಿಡು ಅಂತ ಹೇಳಿದ ಮೇಲೆ ಹಿಡಿದದ್ದು ನನ್ನದಲ್ಲ.

ಆಮೇಲೆ ಒಂದು ತಿಂಗಳು ಕ್ಯಾಮೆರಾ ಇಲ್ಲದೆ ಊರಿಗೆ ಹೋಗಿ ಬಂದೆ. ಸುಮ್ನೆ ಅವರೆಕಾಯಿ ಬಿಡಿಸುತ್ತಾ ಕೂತು, ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಕೇಳಿದೆ. ಧ್ವನಿ ತಗೋಬಹುದಾ? ಮುಖ? ಅಪ್ಪನ ಫೋಟೋ? ಕಾಲೇಜಿನವರಿಗೆ ತೋರಿಸಬಹುದಾ? ಯೂಟ್ಯೂಬ್‌ಗೆ? ಒಂದೊಂದಕ್ಕೂ ಬೇರೆ ಉತ್ತರ ಬಂತು. ಯೂಟ್ಯೂಬ್ ಬೇಡ ಅಂದಳು, ಹಾಕಿಲ್ಲ. ನನ್ನ ಅಣ್ಣ ಮುಖ ತೋರಿಸಲು ಒಪ್ಪಲಿಲ್ಲ. ಚಿತ್ರದಲ್ಲಿ ಅವನು ಕಬ್ಬು ಕಡಿಯುವ ಸದ್ದು ಮಾತ್ರ ಇದೆ. ಇದನ್ನೆಲ್ಲ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಚಿತ್ರ ಮುಗಿದ ಮೇಲೂ ಬೇಡ ಅನ್ನಬಹುದು ಅಂತ ಅದರಲ್ಲೇ ಬರೆಯಿರಿ. ನಿಮ್ಮ ಚಿತ್ರ ಲೈಂಗಿಕ ದೌರ್ಜನ್ಯದ ಬಗ್ಗೆ ಆದರೆ ಕಾನೂನೂ ನೋಡಬೇಕು. ಅಂಥವರ ಗುರುತು ಬಯಲು ಮಾಡುವುದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆ ಇನ್ನೂ ಬಿಗಿ. ಮೊದಲೇ ವಕೀಲರನ್ನು ಕೇಳಿ.

ಪ್ರಶ್ನೆಗಳನ್ನು ವಸ್ತುಗಳಿಂದ ಶುರು ಮಾಡಿ. ಎರಡನೇ ಸಲ ನಾನು ಅಪ್ಪನ ಟಾರ್ಚ್ ತಂದು ಅವ್ವನ ಕೈಗಿಟ್ಟೆ. ಅವಳೇ ಮಾತಾಡಿದಳು. ಅದಕ್ಕೆ ಶೆಲ್ ಹಾಕಲು ಅಪ್ಪ ಎಷ್ಟು ಜಿಪುಣತನ ಮಾಡುತ್ತಿದ್ದರು, ರಾತ್ರಿ ಗದ್ದೆಗೆ ನೀರು ಕಟ್ಟಲು ಹೇಗೆ ಹೋಗುತ್ತಿದ್ದರು, ಎಲ್ಲ ಹೇಳಿ ನಕ್ಕಳು. ಮಾತಿನ ನಡುವೆ ತಾನಾಗಿಯೇ ಅಂದಳು: ‘ನಾಲೆಗೆ ನೀರು ಬುಟ್ಟಾಗ ನಾನು ಆ ಕಡೆ ಕಿಟ್ಕಿ ತೆಗೆಯಾಕಿಲ್ಲ.’ ಅಷ್ಟು ವರ್ಷ ಅದೇ ಮನೆಯಲ್ಲಿ ಮಲಗಿದ್ದೆ, ನನಗೆ ಗೊತ್ತಿರಲಿಲ್ಲ. ಇಡೀ ಚಿತ್ರ ಆ ಕಿಟಕಿಯ ಸುತ್ತ ನಿಂತಿತು. ಆ ರಾತ್ರಿ ನಡೆದದ್ದು ಅರ್ಧ ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯ. ಅದು ಮನೆಯಲ್ಲಿ ಏನು ಉಳಿಸಿ ಹೋಯಿತು ಅನ್ನುವುದನ್ನು ಹುಡುಕಿ.

ಸಲಕರಣೆ ಜಾಸ್ತಿ ಬೇಡ. ಫೋನ್, ಒಂದು ಕಾಲರ್ ಮೈಕ್ ಸಾಕು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಫ್ರಿಜ್ ಆರಿಸಿ. ತ್ರೀಫೇಸ್ ಕರೆಂಟು ಬರುವ ಹೊತ್ತು ತಿಳಿದುಕೊಳ್ಳಿ, ಪಂಪ್‌ಸೆಟ್ ಶುರುವಾದರೆ ಮಾತು ಕೇಳಿಸುವುದಿಲ್ಲ. ಮಾತು ಮುಗಿದ ಮೇಲೆ ಆ ಕೋಣೆಯ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಮೊದಲ ಸಲ ಧ್ವನಿ ಮಾತ್ರ ತಗೊಂಡರೆ ಇನ್ನೂ ಒಳ್ಳೆಯದು. ಎದುರಿಗೆ ಕ್ಯಾಮೆರಾ ಇಲ್ಲದಿದ್ದರೆ ಮಾತು ಸಲೀಸಾಗಿ ಬರುತ್ತದೆ, ಅಲ್ವಾ?

ಘಟನೆ ನಡೆದ ಜಾಗಕ್ಕೆ ಕೊನೆಗೆ ಹೋಗಿ, ಒಬ್ಬರೇ ಹೋಗಬೇಡಿ. ಎದೆ ಹೊಡೆದುಕೊಳ್ಳಲು ಶುರುವಾದರೆ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ, ಕಾಲನ್ನು ನೆಲಕ್ಕೆ ಒತ್ತಿ ನಿಲ್ಲಿ. ನನಗೆ ಇದು ಕೆಲಸ ಮಾಡಿತು. ಅಪಘಾತವನ್ನು ಮತ್ತೆ ನಟಿಸಿ ತೋರಿಸಬೇಡಿ. ಟಿವಿ ಸುದ್ದಿಯ ದೃಶ್ಯಗಳನ್ನೂ ಸೇರಿಸಬೇಡಿ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದೇ ರಾತ್ರಿ ಅಂಬರೀಶ್ ಕೂಡ ಹೋದರು. ಮಂಡ್ಯದವರು ಯಾರೂ ಆ ದಿನ ಮರೆತಿಲ್ಲ. ಅವತ್ತು ಟಿವಿಯಲ್ಲಿ ನಾಲೆ ಕಂಡ ತಕ್ಷಣ ಅವ್ವ ಎದ್ದು ಹೊರಗೆ ಹೋದಳು. ಆ ದೃಶ್ಯಗಳಲ್ಲಿ ಇರುವವರ ಮನೆಯವರೂ ನಮ್ಮ ಸುತ್ತಮುತ್ತಲೇ ಇದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ಚಿತ್ರ ನೋಡಲು ಬಂದು ಕೂರಬಹುದು.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಫೈಲುಗಳನ್ನು ಎರಡು ಡ್ರೈವ್‌ನಲ್ಲಿ ಇಡಿ. ರಾತ್ರಿ ಎಡಿಟ್ ಮಾಡಬೇಡಿ. ಸರಸ್ವತಿಪುರಂನ ರೂಮಿನಲ್ಲಿ ನಾನು ಬೆಳಿಗ್ಗೆ ಎರಡು ಗಂಟೆ ಮಾತ್ರ ಕೂರುತ್ತಿದ್ದೆ. ನೋಡಲು ಆಗದ ಭಾಗಗಳನ್ನು ಗೆಳತಿ ನೋಡಿ, ಯಾವ ನಿಮಿಷ ಯಾವ ಸೆಕೆಂಡಿನಲ್ಲಿ ಏನಿದೆ ಅನ್ನುವ ಟೈಮ್‌ಕೋಡ್ ಬರೆದುಕೊಟ್ಟಳು. ಅಳುವ ಕಡೆ ಸಂಗೀತ ಹಾಕಲಿಲ್ಲ. ನೀವೂ ಹಾಕಬೇಡಿ.

ಕಾಲೇಜಿಗೆ ಕೊಡುವ ಮೊದಲು ಮನೆಯಲ್ಲಿ ತೋರಿಸಿ, ಬದಲಾಯಿಸಲು ಹದಿನೈದು ದಿನವಾದರೂ ಕೈಯಲ್ಲಿರಲಿ. ನಾನು ಲ್ಯಾಪ್‌ಟಾಪನ್ನು ರಾಗಿ ಡ್ರಮ್ಮಿನ ಮೇಲೆ ಇಟ್ಟೆ. ಅವ್ವ ಎರಡು ಸಲ ನೋಡಿದಳು. ಒಂದು ಶಾಟ್ ತೆಗಿ ಅಂದಳು: ನಾಲೆ ಏರಿಯ ಮೇಲೆ ಸಿಕ್ಕಿದ ಅಪ್ಪನ ಚಪ್ಪಲಿ. ನಾನು ಹಿಡಿದ ಶಾಟ್‌ಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ತೆಗೆದೆ. ‘ಅದ್ರ ಬದ್ಲು ಇದ್ನ ಹಾಕು’ ಅಂತ ಹಿತ್ತಲಿಗೆ ಕರೆದುಕೊಂಡು ಹೋದಳು. ಈಗ ಆ ಒಂಬತ್ತು ಸೆಕೆಂಡಿನಲ್ಲಿ ಅಪ್ಪ ನೆಟ್ಟ ಸಪೋಟ ಮರ ಇದೆ.