ಗುಳ್ಳೆ ನಿಂತರೆ ಬಿಯರ್ ಆಯಿತು ಎಂದಲ್ಲ

ಮೊದಲ ಸಲ ಮನೆಯಲ್ಲಿ ಬಿಯರ್ ಹಾಕಿದವರಿಂದ ನನಗೆ ಎರಡು ಫೋನ್ ಬರುತ್ತವೆ. ಒಂದು ಮರುದಿನ ಬೆಳಿಗ್ಗೆ: "ಮಾವಾ, ಗುಳ್ಳೆನೇ ಬರ್ತಿಲ್ಲ." ಇನ್ನೊಂದು ಐದನೇ ದಿನ: "ಮಾವಾ, ಗುಳ್ಳೆ ನಿಂತೇ ಹೋಯ್ತು, ಬಾಟಲಿಗೆ ತುಂಬಲಾ?" ಎರಡಕ್ಕೂ ನಾನು ಕೇಳುವುದು ಒಂದೇ. ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತೇಲಿ ತೋರಿಸುವ ಗಾಜಿನ ಕಡ್ಡಿ, ಹೈಡ್ರೋಮೀಟರ್, ಎಷ್ಟು ತೋರಿಸಿತು? ಆ ಕಡೆಯಿಂದ ಸದ್ದಿಲ್ಲ. ಅದಿನ್ನೂ ಡಬ್ಬಿಯಿಂದ ಆಚೆಗೇ ಬಂದಿರುವುದಿಲ್ಲ.

ಮುಚ್ಚಳದ ಮೇಲೆ ಕೂತಿರುವ ಏರ್‌ಲಾಕ್, ಅಂದರೆ ಗುಳ್ಳೆ ಕಾಣುವ ಆ ನೀರು ತುಂಬಿದ ಪುಟ್ಟ ಕೊಳವೆ, ಅದರ ಕೆಲಸ ಇಷ್ಟೇ. ಒಳಗಿನ ಗ್ಯಾಸ್ ಹೊರಗೆ ಬಿಡುವುದು, ಹೊರಗಿನ ಗಾಳಿ ಒಳಗೆ ಬಿಡದಿರುವುದು. ಅದು ಬಾಗಿಲು ಕಾಯುವವನು. ಒಳಗೆ ಅಡುಗೆ ಎಷ್ಟಾಯಿತು ಅಂತ ಅವನಿಗೇನು ಗೊತ್ತು? ಮುಚ್ಚಳ ಒಂದು ಕಡೆ ಸರಿಯಾಗಿ ಕೂರದಿದ್ದರೆ ಗ್ಯಾಸ್ ಆ ಸಂದಿಯಲ್ಲೇ ಹೋಗುತ್ತದೆ, ಏರ್‌ಲಾಕ್ ಸುಮ್ನೆ ಕೂತಿರುತ್ತದೆ. ಹುದುಗುವುದು ಮುಗಿದು ವಾರವಾಗಿದ್ದರೂ ಕೋಣೆ ಸ್ವಲ್ಪ ಬಿಸಿಯಾದರೆ ಸಾಕು, ಬಿಯರ್‌ನಲ್ಲಿ ಕರಗಿದ್ದ ಗ್ಯಾಸ್ ಮೇಲೆದ್ದು ಮತ್ತೆ ಗುಳ್ಳೆ ಬರುತ್ತದೆ. ಕೆಲಸ ನಡೆಯುತ್ತಿದ್ದಾಗ ಸುಮ್ಮನಿರುವುದು, ಮುಗಿದ ಮೇಲೆ ಸದ್ದು ಮಾಡುವುದು, ಎರಡೂ ಅದರಿಂದ ಆಗುತ್ತದೆ.

ನಾನೂ ಇದನ್ನು ಸುಲಭವಾಗಿ ಕಲಿಯಲಿಲ್ಲ. ನನ್ನ ಮೊದಲ ಬಿಯರ್‌ನಲ್ಲಿ ಐದನೇ ದಿನ ಗುಳ್ಳೆ ನಿಂತಿತು. ಖುಷಿಯಿಂದ, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲಿ ಅಂತ ಸಕ್ಕರೆ ಹಾಕಿ ತುಂಬಿದೆ. ಎರಡನೇ ವಾರ ನಡುರಾತ್ರಿ ಕಪಾಟಿನೊಳಗೆ ಒಂದು ಬಾಟಲಿ ಸಿಡಿಯಿತು. ಏನಾಯಿತು ಅಂತ ದೀಪ ಹಾಕುವಷ್ಟರಲ್ಲಿ ಇನ್ನೊಂದು. ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡುವ ಯೀಸ್ಟ್ ಒಳಗೆ ಅರ್ಧ ಊಟದಲ್ಲಿತ್ತು, ನಾನು ಮುಚ್ಚಳ ಬಿಗಿದುಬಿಟ್ಟಿದ್ದೆ. ಗಾಜಿನ ಚೂರು ಬಾಗಿಲಿಗೆ ನೆಟ್ಟಿತ್ತು. ಬಾಗಿಲು ಮುಚ್ಚಿದ್ದು ನನ್ನ ಪುಣ್ಯ.

ಮೊದಲ ದಿನದ ಗಾಬರಿಗೆ ಮದ್ದು ಕಣ್ಣು. ಯೀಸ್ಟ್ ಹಾಕಿದ ಮೇಲೆ 12ರಿಂದ 24 ಗಂಟೆಯಲ್ಲಿ ಸಾಮಾನ್ಯವಾಗಿ ಚಲನೆ ಕಾಣುತ್ತದೆ. ಕೆಲವು ಸಲ ಮೂರು ದಿನವೂ ಹಿಡಿಯುತ್ತದೆ. ಅಷ್ಟು ಕಾಯದೆ ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯಬೇಡಿ. ಫರ್ಮೆಂಟರ್, ಅಂದರೆ ಹುದುಗುವ ಪಾತ್ರೆಯ ಪಕ್ಕಕ್ಕೆ ಟಾರ್ಚ್ ಹಿಡಿದು ನೋಡಿ. ಮೇಲೆ ಕೆನೆಯಂತಹ ದಪ್ಪ ನೊರೆ ಎದ್ದಿದ್ದರೆ ಕೆಲಸ ಶುರುವಾಗಿದೆ. ಅದರ ಮೇಲೆ ಕಂದು ಕಸ, ಕಹಿಗೆ ಹಾಕುವ ಹಾಪ್ಸ್ ಹೂವಿನ ಪುಡಿ ಕಂಡರೆ ಹೆದರಬೇಡಿ. ನಾಲ್ಕೈದು ದಿನದಲ್ಲಿ ನೊರೆ ಇಳಿದು ಪಾತ್ರೆಯ ಗೋಡೆಗೆ ಕಂದು ಗೆರೆ ಉಳಿಯುತ್ತದೆ. ನೊರೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ನೋಡಲೇ ಇಲ್ಲ ಅನ್ನುವವರಿಗೆ ಆ ಗೆರೆಯೇ ಸಾಕ್ಷಿ. ಮುಚ್ಚಳ ತೆಗೆದು ಇಣುಕುವ ಚಟ ಮಾತ್ರ ಬೇಡ. ಪ್ರತಿ ಇಣುಕಿಗೂ ಗಾಳಿ, ಗಾಳಿಯ ಜೊತೆ ಕ್ರಿಮಿ ಒಳಗೆ ಹೋಗುತ್ತದೆ.

ಇನ್ನು ಹೈಡ್ರೋಮೀಟರ್. ಸಕ್ಕರೆ ಕರಗಿದ ರಸ ನೀರಿಗಿಂತ ಭಾರ, ಅದರಲ್ಲಿ ಆ ಗಾಜಿನ ಕಡ್ಡಿ ಎತ್ತರಕ್ಕೆ ತೇಲುತ್ತದೆ. ಯೀಸ್ಟ್ ಸಕ್ಕರೆ ತಿನ್ನುತ್ತಾ ಹೋದಂತೆ, ನೀರಿಗಿಂತ ಹಗುರವಾದ ಆಲ್ಕೋಹಾಲ್ ಹುಟ್ಟುತ್ತಾ ಹೋದಂತೆ, ಕಡ್ಡಿ ಕೆಳಗೆ ಇಳಿಯುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಆದರೆ ಮೊದಲ ದಿನ, ಯೀಸ್ಟ್ ಹಾಕುವ ಮೊದಲೇ ಒಂದು ರೀಡಿಂಗ್ ತೆಗೆದು ಬರೆದಿಟ್ಟುಕೊಳ್ಳಬೇಕು. ನೀರನ್ನು 1.000 ಅಂತಿಟ್ಟುಕೊಂಡರೆ, ಬೆಚ್ಚಗೆ ಹುದುಗುವ ಏಲ್ ಎಂಬ ಬಗೆಯ ಸಾಧಾರಣ ಬಿಯರ್‌ಗೆ 1.045ರಿಂದ 1.050 ಇರುತ್ತದೆ. ಇದನ್ನು ಮರೆತವರೇ ಜಾಸ್ತಿ. ಎಲ್ಲಿಂದ ಹೊರಟಿದ್ದೆವು ಅಂತ ಗೊತ್ತಿಲ್ಲದೆ ಎಷ್ಟು ದೂರ ಬಂದೆವು ಅಂತ ಹೇಳುವುದು ಹೇಗೆ? ಮರೆತಿದ್ದರೂ ಪರವಾಗಿಲ್ಲ, ಮುಗಿಯಿತೋ ಇಲ್ಲವೋ ತಿಳಿಯಲು ಕೊನೆಯ ರೀಡಿಂಗ್‌ಗಳು ಸಾಕು. ಆಲ್ಕೋಹಾಲ್ ಎಷ್ಟು ಅನ್ನುವ ಲೆಕ್ಕ ಮಾತ್ರ ಸಿಗುವುದಿಲ್ಲ.

ತೆಗೆಯುವ ರೀತಿ ಹೇಳುತ್ತೇನೆ. ಮೊದಲು ಕಡ್ಡಿಯನ್ನು ಬರಿ ನೀರಿನಲ್ಲಿ ತೇಲಿಸಿ, 1.000 ತೋರಿಸಬೇಕು. ತೋರಿಸದಿದ್ದರೆ ಎಷ್ಟು ವ್ಯತ್ಯಾಸವೋ ಅಷ್ಟನ್ನು ಪ್ರತಿ ಸಲ ಸರಿಪಡಿಸಿಕೊಳ್ಳಿ. ಬಿಯರ್ ತೆಗೆಯುವ ನಲ್ಲಿ, ಪೈಪು ಎಲ್ಲವನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿರಬೇಕು. ಜಾಡಿಗೆ ಸುರಿದ ಬಿಯರ್ ಅನ್ನು ಒಂದು ಲೋಟದಿಂದ ಇನ್ನೊಂದಕ್ಕೆ ನಾಲ್ಕೈದು ಸಲ ಎತ್ತಿ ಹಾಕಿ ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಸಕ್ಕರೆ ಇನ್ನೂ ಉಳಿದಿದೆ ಅಂತ ಮೋಸ ಹೋಗುತ್ತೀರಿ. ಕಡ್ಡಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ. ಕಣ್ಣು ಬಿಯರ್ ಮಟ್ಟಕ್ಕೆ ತಂದು, ಅಂಚಿನಲ್ಲಿ ಏರಿದ ಭಾಗ ಬಿಟ್ಟು, ಸಮತಟ್ಟಾದ ಮಟ್ಟವನ್ನು ಓದಿ. ಹೆಚ್ಚಿನ ಕಡ್ಡಿಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಅಥವಾ 15.6ಕ್ಕೆ ಅಳೆದು ಮಾಡಿದವು, ಜೊತೆಗೆ ಬಂದ ಚೀಟಿ ನೋಡಿ. 20ಕ್ಕೆ ಮಾಡಿದ ಕಡ್ಡಿಯನ್ನು 30 ಡಿಗ್ರಿಯ ಬಿಯರ್‌ನಲ್ಲಿ ಇಟ್ಟರೆ ಸುಮಾರು 0.002 ಅಥವಾ 0.003 ಕೂಡಿಸಬೇಕು. ಅಳೆದ ಬಿಯರ್ ಅನ್ನು ವಾಪಸ್ ಪಾತ್ರೆಗೆ ಸುರಿಯಬೇಡಿ, ಕುಡಿದುಬಿಡಿ. ಅದೇ ದೊಡ್ಡ ಪರೀಕ್ಷೆ.

ಒಂದು ಹನಿಯಲ್ಲಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದೆಯಲ್ಲ ಅನ್ನುತ್ತೀರಿ. ಮೊದಲ ದಿನಕ್ಕೆ ಚೆನ್ನ. ಆಲ್ಕೋಹಾಲ್ ಬಂದ ಮೇಲೆ ಅದರ ಅಂಕಿ ತಪ್ಪುತ್ತದೆ, ಲೆಕ್ಕ ಹಾಕಿ ತಿದ್ದಬೇಕು. ನನಗೆ ಆ ಗೋಜು ಬೇಡ.

ರೀಡಿಂಗ್ ಯಾವಾಗ ತೆಗೆಯಬೇಕು? ದಿನಾ ತೆಗೆದರೆ ಕುಡಿಯಲು ಬಿಯರೇ ಉಳಿಯುವುದಿಲ್ಲ. ಏಳನೇ ದಿನವೋ ಹತ್ತನೇ ದಿನವೋ ಒಂದು, ಎರಡು ಮೂರು ದಿನ ಬಿಟ್ಟು ಇನ್ನೊಂದು. ಎರಡೂ ಒಂದೇ ಇದ್ದರೆ, ಅಂಕಿ ನಿರೀಕ್ಷೆಯ ಹತ್ತಿರವೂ ಇದ್ದರೆ, ಮುಗಿಯಿತು. 1.048ರಿಂದ ಹೊರಟದ್ದು 1.012ಕ್ಕೆ ಬಂದು ನಿಂತಿತು ಅಂತಿಟ್ಟುಕೊಳ್ಳಿ. ಸಕ್ಕರೆಯ ಮುಕ್ಕಾಲು ಪಾಲು ಹೋಗಿದೆ ಅಂತ ಅಂದಾಜು. ವ್ಯತ್ಯಾಸ 0.036, ಅದನ್ನು 131ರಿಂದ ಗುಣಿಸಿದರೆ 4.7, ಅಷ್ಟು ಶೇಕಡಾ ಆಲ್ಕೋಹಾಲ್. 20 ಲೀಟರಿನ ಅಂತಹ ಬಿಯರ್ ಹುದುಗುವಾಗ 300 ಲೀಟರಿಗೂ ಜಾಸ್ತಿ ಗ್ಯಾಸ್ ಹೊರಗೆ ಬರುತ್ತದೆ. ಆದ್ದರಿಂದ ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಪಾತ್ರೆ ಇಟ್ಟು ಬಾಗಿಲು ಹಾಕಬೇಡಿ.

1.020ರಲ್ಲಿ ಸಿಕ್ಕಿಕೊಂಡು ಅಲುಗಾಡದಿದ್ದರೆ ಮೊದಲು ಚಳಿಯನ್ನು ಅನುಮಾನಿಸಿ. ಏಲ್ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಹಿತ. ಅದಕ್ಕಿಂತ ತಣ್ಣಗಾದರೆ ಮುದುಡಿ ತಳಕ್ಕೆ ಮಲಗುತ್ತದೆ. ಎರಡು ಮೂರು ಡಿಗ್ರಿ ಬೆಚ್ಚಗಿನ ಜಾಗಕ್ಕೆ ಸರಿಸಿ, ಗಾಳಿ ಸೇರದಂತೆ ಪಾತ್ರೆಯನ್ನು ಮೆಲ್ಲಗೆ ಓಲಾಡಿಸಿ, ಮೂರು ದಿನ ಬಿಡಿ. ಒಳಗಿನ ಬಿಸಿಯನ್ನು ಕೋಣೆಯ ಬಿಸಿಯಿಂದ ಅಳೆಯಬೇಡಿ. ಜೋರಾಗಿ ಹುದುಗುವಾಗ ಒಳಗೆ ನಾಲ್ಕೈದು ಡಿಗ್ರಿ ಜಾಸ್ತಿ ಇರಬಹುದು, ಥರ್ಮಾಮೀಟರ್ ಅನ್ನು ಪಾತ್ರೆಗೇ ಅಂಟಿಸಿ. ಯಾವ ಯೀಸ್ಟ್‌ಗೆ ಎಷ್ಟು ಬಿಸಿ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಆ ಬರಹವನ್ನು ನಂಬಬಹುದು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವುದನ್ನು ಸಾಧಿಸಿದರು. ಅದಕ್ಕೆ ಮುಂಚೆ ಪಾತ್ರೆಯೊಳಗೆ ಯಾರು ಯಾರು ಸೇರಿದ್ದಾರೆ ಅಂತ ಹೇಳುವುದೇ ಕಷ್ಟವಿತ್ತು. ಕಪ್ಪು ಬಿಯರ್, ಮೊಳಕೆ ಬಾರ್ಲಿಯ ಸಾರವಾದ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಿಂದ ಮಾಡಿದ ಬಿಯರ್ ಕೆಲವು ಸಲ ಎತ್ತರದ ಅಂಕಿಯಲ್ಲೇ ನಿಲ್ಲುತ್ತವೆ, ಅದು ದೋಷವಲ್ಲ.

ಮೂಗು, ನಾಲಿಗೆಯನ್ನೂ ಕೇಳಿ. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ಇನ್ನೂ ಮನೆ ಒಪ್ಪ ಮಾಡಿ ಮುಗಿಸಿಲ್ಲ. ಎರಡಕ್ಕೂ ಇನ್ನೊಂದು ನಾಲ್ಕು ದಿನ ಸಾಮಾನ್ಯವಾಗಿ ಸಾಕು. ತಣ್ಣಗೆ ಹುದುಗುವ ಲಾಗರ್ ಬಿಯರ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದು ತಾನೇ ಹೋಗುತ್ತದೆ. ವಿನೆಗರ್ ಹುಳಿಗೆ ಮಾತ್ರ ಮದ್ದಿಲ್ಲ. ಮೇಲೆ ಸುಕ್ಕುಗಟ್ಟಿದ ಬಿಳಿ ಪರೆ ಕಟ್ಟಿದ್ದರೂ ಬೇರೆ ಕ್ರಿಮಿ ಸೇರಿದೆ ಅಂತ ತಿಳಿಯಿರಿ.

ಕೊನೆಗೆ ಬಾಟಲಿ ತುಂಬುವಾಗ ಲೀಟರಿಗೆ 6 ಅಥವಾ 7 ಗ್ರಾಂ ಸಕ್ಕರೆ ಸಾಕು, ಚಮಚದಲ್ಲಲ್ಲ, ತಕ್ಕಡಿಯಲ್ಲಿ ತೂಗಿ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೊಂದನ್ನೂ ಗಾಜಿನ ಬಾಟಲಿಗಳ ಜೊತೆ ತುಂಬಿ. ಎರಡು ದಿನಕ್ಕೊಮ್ಮೆ ಅದನ್ನು ಹಿಚುಕಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾದ ದಿನ ಎಲ್ಲ ಬಾಟಲಿಗಳನ್ನೂ ಫ್ರಿಜ್‌ಗೆ ಸಾಗಿಸಿ. ನಾನಂತೂ ಅವತ್ತಿನಿಂದ ಕಪಾಟಿನ ಬಾಗಿಲು ಹಾಕದೆ ಮಲಗಿಲ್ಲ.