ರಾಜ್ಯಮಟ್ಟದ ಕೈತೋಟ ಸಂಘ ನಡೆಸುವುದು ಹೇಗೆ? ಜಿಲ್ಲೆ ಬಿಡಿ, ಮಳೆ ನೋಡಿ

ಏಳು ಜನ ಸೇರಿದರೆ ಸಂಘ ಆಗುತ್ತದೆ. ಇದು ಗಾದೆಯಲ್ಲ, ಕಾಯ್ದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಹೂವಿನ ಹುಚ್ಚಿರುವ ಏಳು ಜನ ನಮ್ಮ ಶಿರಸಿ ಕಡೆ ಒಂದು ಮದುವೆಮನೆಯ ಪಂಕ್ತಿಯಲ್ಲೇ ಸಿಕ್ಕಿಬಿಡುತ್ತಾರೆ. ಹೆಸರಿನ ಮುಂದೆ ‘ಅಖಿಲ ಕರ್ನಾಟಕ’ ಅಂತ ಸೇರಿಸಿ ಬೋರ್ಡನ್ನೂ ಬರೆಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಬೋರ್ಡು ಕಾರ್ಯದರ್ಶಿಯ ಕೊಟ್ಟಿಗೆಯಲ್ಲಿ ಕಟ್ಟಿಗೆ ನೆನೆಯದ ಹಾಗೆ ಮುಚ್ಚಿಕೊಂಡು ಕೂತಿರುತ್ತದೆ. ಇಂಥ ಬೋರ್ಡು ನಾನು ಮೂರು ನೋಡಿದ್ದೇನೆ. ಮೂರನೆಯದು ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಅದನ್ನು ಒರೆಸಿ, ಸಂಘವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಕಾಗದದ ಕೆಲಸ

ಇದಕ್ಕೆ ಹೆದರಬೇಡಿ. ಉದ್ದೇಶ ಬರೆದ ಜ್ಞಾಪನ ಪತ್ರ, ಸಂಘದ ನಿಯಮ ಬರೆದ ಬೈಲಾ, ಏಳು ಜನರ ಸಹಿ, ವಿಳಾಸದ ದಾಖಲೆ. ಇಷ್ಟನ್ನು ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಆಮೇಲೆ ಸಂಘದ ಹೆಸರಲ್ಲೇ ಪ್ಯಾನ್ ಕಾರ್ಡು, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ. ಖಜಾಂಚಿಯ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವ ಅಡ್ಡದಾರಿ ಬೇಡವೇ ಬೇಡ. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಮೂರನೇ ವರ್ಷ ಯಾರೋ ಒಬ್ಬರು ಚಹಾ ಕುಡಿಯುತ್ತಾ ಒಂದು ಮಾತು ಹೇಳಿಯೇ ಹೇಳುತ್ತಾರೆ.

ಬೈಲಾವನ್ನು ಬೇರೆ ಸಂಘದ್ದು ತಂದು ನಕಲು ಹೊಡೆಯಬೇಡಿ. ಒಂದು ಹೂವಿನ ಸಂಘದ ಬೈಲಾದಲ್ಲಿ ‘ಆಟಗಾರರ ಆಯ್ಕೆ ಸಮಿತಿ’ ಅಂತ ಒಂದು ಕಲಮು ಇದ್ದದ್ದನ್ನು ನಾನೇ ಓದಿದ್ದೇನೆ. ನಿಮ್ಮ ಬೈಲಾದಲ್ಲಿ ಎರಡು ಸಾಲು ಇರಲೇಬೇಕು. ಒಂದು, ಕಾರ್ಯದರ್ಶಿ ಸತತ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಇನ್ನೊಂದು, ಸದಸ್ಯತ್ವದ ಹಣದಲ್ಲಿ ಶಾಖೆಗೆ ಎಷ್ಟು, ಕೇಂದ್ರಕ್ಕೆ ಎಷ್ಟು. ನಮ್ಮದರಲ್ಲಿ 100 ರೂಪಾಯಿ ಬಂದರೆ 60 ಶಾಖೆಯಲ್ಲೇ ಉಳಿಯುತ್ತದೆ. ಪೂರ್ತಿ ದುಡ್ಡು ಕೇಂದ್ರಕ್ಕೆ ಕಳಿಸಿ, ಎರಡು ಕೊಡ ಕೊಳ್ಳಲು ಅರ್ಜಿ ಬರೆದು ಕಾಯುವ ಶಾಖೆ ಬದುಕುವುದಿಲ್ಲ.

ಇನ್ನೊಂದು ಮಾತು. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಮಾನ್ಯತೆ (ಜನ 80ಜಿ ಅನ್ನುತ್ತಾರೆ) ಸಿಗುವ ಮುಂಚೆಯೇ ರಶೀದಿಯಲ್ಲಿ ‘ತೆರಿಗೆ ವಿನಾಯಿತಿ ಉಂಟು’ ಅಂತ ಅಚ್ಚು ಹಾಕಿಸಬೇಡಿ. ದಾನ ಕೊಟ್ಟವರು ತೆರಿಗೆ ಲೆಕ್ಕ ಕೊಡುವ ಹೊತ್ತಿಗೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಶಾಖೆ ಮಾಡುವುದು: ಎಲ್ಲರೂ ಎಡವುವುದು ಇಲ್ಲೇ

ರಾಜ್ಯದಲ್ಲಿ 31 ಜಿಲ್ಲೆ ಇದೆ, ಹಾಗಾಗಿ 31 ಶಾಖೆ. ಎಲ್ಲ ಸಂಘದವರೂ ಮೊದಲ ಸಭೆಯಲ್ಲೇ ಇದನ್ನು ಬರೆದುಕೊಂಡುಬಿಡುತ್ತಾರೆ. ನಾವೂ ಬರೆದುಕೊಂಡಿದ್ದೆವು. ಉತ್ತರ ಕನ್ನಡಕ್ಕೂ ಒಂದು ಶಾಖೆ ಮಾಡಿದೆವು, ಮೊದಲ ಸಭೆ ಕುಮಟಾದಲ್ಲಿ ಕರೆದೆವು. ಕಾರವಾರದಿಂದ ಬಂದವರ ಚಿಂತೆ ಉಪ್ಪುಗಾಳಿ, ಮರಳು ಮಣ್ಣು, ದಾಸವಾಳದ ಎಲೆ ಅಂಚು ಸುಡುವುದು. ದೇವಿಮನೆ ಘಟ್ಟ ಇಳಿದು ಹೋದ ನಮ್ಮದು ಬೇರೆಯೇ ಗೋಳು, ಡೇರೆ (ಪೇಟೆಯವರು ಡೇಲಿಯಾ ಅನ್ನುತ್ತಾರೆ) ಗಡ್ಡೆ ಮಳೆಗೆ ಕೊಳೆಯುತ್ತದೆ ಅಂತ. ಹಳಿಯಾಳದವರು ಗೆದ್ದಲಿಗೆ ಏನು ಮಾಡುವುದು ಅಂತ ಕೇಳುತ್ತಿದ್ದರು. ಮೂರೂ ಕಡೆಯವರು ಒಬ್ಬರ ಮಾತು ಒಬ್ಬರು ಮರ್ಯಾದೆಗೆ ಕೇಳಿಸಿಕೊಂಡು, ಅವಲಕ್ಕಿ ತಿಂದು, ಬಸ್ ಹತ್ತಿದರು. ಎರಡನೇ ಸಭೆಗೆ ಅರ್ಧ ಜನವೂ ಬರಲಿಲ್ಲ. ಜಿಲ್ಲೆ ಒಂದೇ, ಆದರೆ ತೋಟ ಮೂರು ಥರ.

ಗಿಡಕ್ಕೆ ಜಿಲ್ಲಾ ಗಡಿ ಗೊತ್ತಾಗುವುದಿಲ್ಲ, ಮಳೆ ಮತ್ತು ಮಣ್ಣು ಗೊತ್ತಾಗುತ್ತದೆ. ಕೃಷಿ ವಿಜ್ಞಾನದವರು ಕರ್ನಾಟಕವನ್ನು 10 ಹವಾಮಾನ ವಲಯ ಮಾಡಿಟ್ಟಿದ್ದಾರೆ. ಅದರಲ್ಲಿ ಶಿರಸಿ ಇರುವುದು ಸಾಗರ, ತೀರ್ಥಹಳ್ಳಿ, ಕೊಪ್ಪದ ಜೊತೆ ಗುಡ್ಡಗಾಡು ವಲಯದಲ್ಲಿ. ಕಾರವಾರ ಇರುವುದು ಉಡುಪಿ, ಮಂಗಳೂರಿನ ಜೊತೆ ಕರಾವಳಿ ವಲಯದಲ್ಲಿ. ಅಂದರೆ ನಾನು ಹೂವಿನ ಮಾತಾಡಬೇಕಾದದ್ದು ಘಟ್ಟದ ಕೆಳಗಿನ ಕಾರವಾರದ ಅಕ್ಕನ ಹತ್ತಿರ ಅಲ್ಲ, ದೂರದ ಕೊಪ್ಪದ ಅಕ್ಕನ ಹತ್ತಿರ. ಇದನ್ನು ನೋಡಿದ ಮೇಲೆ ಶಾಖೆಗಳನ್ನೆಲ್ಲ ಅಳಿಸಿ ನಾಲ್ಕೇ ಮಾಡಿದೆವು: ಕರಾವಳಿ, ಮಲೆನಾಡು, ಬೆಂಗಳೂರು–ಮೈಸೂರು ಕಡೆಯ ಬಯಲು, ಉತ್ತರದ ಮತ್ತು ನಡುವಿನ ಒಣ ಬಯಲು. ಹತ್ತೂ ವಲಯಕ್ಕೆ ಹತ್ತು ಶಾಖೆ ಮಾಡಲು ಹೋಗಬೇಡಿ. ಹತ್ತು ಕಾರ್ಯದರ್ಶಿಗಳನ್ನು ಎಲ್ಲಿಂದ ತರುತ್ತೀರಿ?

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ. ಮಣ್ಣಿನ ಸಾರವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ, ಹಾಗಾಗಿ ನಾವು ಮಳೆಗಾಲಕ್ಕೆ ಮುಂಚೆ ಗಿಡದ ಸುತ್ತ ಚೂರು ಸುಣ್ಣ ಉದುರಿಸುತ್ತೇವೆ. ಒಂದು ಮೇ ತಿಂಗಳು ರಾಜ್ಯದ ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಬುಡಕ್ಕೆ ಸುಣ್ಣ ಹಾಕಿ, ಮರೆಯಬೇಡಿ’ ಅಂತ ಯಾರೋ ಬರೆದರು. ಯಾರೋ ಏನು, ನಾನೇ ಬರೆದದ್ದು. ವಿಜಯಪುರದ ಸದಸ್ಯೆಯೊಬ್ಬರು ಅದನ್ನು ನಂಬಿ ತಮ್ಮ ಗುಲಾಬಿಗೆಲ್ಲ ಹಾಕಿದರು. ಅವರದ್ದು ಎರೆ ಮಣ್ಣು, ಮೊದಲೇ ಸುಣ್ಣದ ಅಂಶ ಜಾಸ್ತಿ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಆಗಸ್ಟಿನಲ್ಲಿ ಫೋನ್ ಮಾಡಿ, “ಅಕ್ಕಾರ, ನಿಮ್ಮ ಸುಣ್ಣ ನನ್ನ ಗುಲಾಬಿ ತಿಂದು ಹಾಕ್ತು ನೋಡ್ರಿ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಸದಸ್ಯತ್ವ ಮುಂದುವರಿಸಲಿಲ್ಲ.

ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟು. ಯಾವ ಸಲಹೆ ಬರೆದರೂ ಮೊದಲು ಶಾಖೆಯ ಹೆಸರು. ‘ಮಲೆನಾಡಿನವರಿಗೆ: ಕುಂಡ ಸೂರಿನ ನೀರಿನಿಂದ ಒಳಗೆ ಎಳೆಯಿರಿ, ನೆಲದ ಗಿಡಕ್ಕೆ ಮಣ್ಣು ಏರಿಸಿ.’ ‘ಒಣ ಬಯಲಿನವರಿಗೆ: ಪಾತಿ ತಗ್ಗಾಗಿರಲಿ, ಬಿದ್ದ ನೀರು ಹೊರಗೆ ಹೋಗಬಾರದು.’ ಎರಡೂ ಒಂದೇ ವಾರದ ಸಲಹೆ, ಒಂದಕ್ಕೊಂದು ಪೂರಾ ಉಲ್ಟಾ. ಹೆಸರಿಲ್ಲದ ಸಲಹೆಯನ್ನು ಶಾಖೆಯವರು ಕೂಡಲೇ ಅಳಿಸಬಹುದು, ಅಧ್ಯಕ್ಷರೇ ಬರೆದಿದ್ದರೂ ಸರಿ.

ಕ್ಯಾಲೆಂಡರ್ ಕೂಡ ಹೀಗೇ. ಜೂನ್ 5 ಪರಿಸರ ದಿನ, ರಾಜ್ಯವೆಲ್ಲ ಒಂದೇ ದಿನ ಗಿಡ ನೆಟ್ಟು ಫೋಟೊ ಹಾಕೋಣ ಅನ್ನುವವರು ಪ್ರತಿ ಸಂಘದಲ್ಲೂ ಒಬ್ಬರು ಇರುತ್ತಾರೆ. ನಮಗೆ ಅದು ಸರಿಯೇ, ಹೆಚ್ಚುಕಡಿಮೆ ಆ ವಾರದಲ್ಲಿ ಮಳೆ ಹಿಡಿಯುತ್ತದೆ. ಚಳ್ಳಕೆರೆಯವರು ಏನು ಮಾಡಬೇಕು? ಅಲ್ಲಿ ವರ್ಷಕ್ಕೆ ಬೀಳುವುದೇ 500 ಮಿ.ಮೀ. ಆಸುಪಾಸು, ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜೂನ್ 5ಕ್ಕೆ ನೆಟ್ಟರೆ ಫೋಟೊ ಮಾತ್ರ ಉಳಿಯುತ್ತದೆ. ನೆಡುವ ದಿನ ಶಾಖೆಯೇ ಗೊತ್ತು ಮಾಡಲಿ. ಕೇಂದ್ರದವರು ಬಾಯಿ ಹಾಕಬಾರದು.

ಕೆಲಸ ಹಂಚುವುದು

ಅಮೆರಿಕದಲ್ಲಿ ‘ಮಾಸ್ಟರ್ ಗಾರ್ಡನರ್’ ಅಂತ ಸ್ವಯಂಸೇವಕರ ವ್ಯವಸ್ಥೆ ಇದೆ. 1970ರ ದಶಕದ ಮೊದಲಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರು ಶುರು ಮಾಡಿದ್ದು. ಮನೆತೋಟದವರ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಅಧಿಕಾರಿಗಳಿಗೆ ಸಾಕಾಗಿಹೋಗಿತ್ತು. ಆಗ ಊರವರಿಗೇ ತರಬೇತಿ ಕೊಟ್ಟು, ‘ಕಲಿತದ್ದಕ್ಕೆ ಬದಲಾಗಿ ಇಷ್ಟು ಗಂಟೆ ಊರವರಿಗೆ ಉತ್ತರ ಹೇಳಿ’ ಅಂದರು. ಮೊದಲು ಕಲಿಸುವುದು, ಆಮೇಲೆ ಗಂಟೆ ಕೇಳುವುದು. ನಾವು ತಲೆಕೆಳಗು ಮಾಡುತ್ತೇವೆ. ಸದಸ್ಯತ್ವ ಕೊಟ್ಟ ದಿನವೇ ಬ್ಯಾಡ್ಜು, ಶಾಲು, ಮರುದಿನದಿಂದ ‘ಯಾರಾದರೂ ಮಾಡಿ’.

‘ಯಾರಾದರೂ’ ಅಂದರೆ ಕಾರ್ಯದರ್ಶಿ ಅಂತ ಅರ್ಥ, ಅಲ್ವಾ?

ಒಬ್ಬರಿಗೆ ಒಂದೇ ಕೆಲಸ ಕೊಡಿ. ಅದು ಸಣ್ಣದಿರಲಿ, ಮುಗಿಯುವ ದಿನವೂ ಇರಲಿ. ‘ಮಂಗಳವಾರ ಸಂಜೆ 5ರಿಂದ 7, ಮಲೆನಾಡು ಶಾಖೆಯ ಫೋನ್ ಎತ್ತುವುದು, ಮಾರ್ಚ್ ಕೊನೆವರೆಗೆ.’ ‘ತಿಂಗಳಿಗೆ ಒಂದು ಶನಿವಾರ ಶಾಲೆಯ ತೋಟ.’ ‘ಯಾರ ಗಡ್ಡೆ ಯಾರಿಗೆ ಹೋಯಿತು ಅಂತ ಗಡ್ಡೆ ಪುಸ್ತಕ ಬರೆಯುವುದು, ಬೇರೆ ಏನೂ ಇಲ್ಲ.’ ಹೀಗೆ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯವರನ್ನು ಕೇಳಲೇಬೇಡಿ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ದೇವರೇ ಫೋನ್ ಮಾಡಿದರೂ ಎತ್ತುವುದಿಲ್ಲ.

ಗಂಟೆಯ ಲೆಕ್ಕ ಗೀಟು ಹಾಕಿದ ನೋಟ್‌ಬುಕ್ಕಿನಲ್ಲಿ ಇಡಿ. ಸ್ವಯಂಸೇವಕರ ಲೆಕ್ಕಕ್ಕೆ ಅಂತ ನಾವು ದುಡ್ಡು ಕೊಟ್ಟು ಒಂದು ಆ್ಯಪ್ ತಗೊಂಡಿದ್ದೆವು. ಜೋರು ಮಳೆಗೆ ಕರೆಂಟ್ ಹೋಗಿ ಟವರ್ ಸತ್ತರೆ ಜೋಯಿಡಾದ ಸದಸ್ಯರು ನಾಲ್ಕು ದಿನ ಇಲ್ಲವೇ ಇಲ್ಲ ಅಂತ ಅದು ತೋರಿಸುತ್ತಿತ್ತು. ನೋಟ್‌ಬುಕ್ಕಿಗೆ ಆ ತಾಪತ್ರಯ ಇಲ್ಲ. ಆ ಲೆಕ್ಕ ಎಲ್ಲಿಗೆ ಬೇಕಾಗುತ್ತದೆ ಅಂದರೆ, ನಗರಸಭೆಯಲ್ಲಿ ಪಾರ್ಕಿನ ಒಂದು ಮೂಲೆ ಕೇಳಲು ಹೋದಾಗ. ಶಾಲು ಹೊದೆಸಿದ ಫೋಟೊ ಆಲ್ಬಮ್ಮಿಗಿಂತ ‘ಕಳೆದ ವರ್ಷ ಇಷ್ಟು ಗಂಟೆ ದುಡಿದಿದ್ದೇವೆ’ ಅನ್ನುವ ಒಂದು ಹಾಳೆಗೆ ಬೆಲೆ ಜಾಸ್ತಿ.

ಗಿಡ ಹಂಚುವುದು

ನಮ್ಮ ಹೆಂಗಸರಿಗೆ ಇದನ್ನು ಯಾವ ಸಂಘವೂ ಕಲಿಸಬೇಕಾಗಿಲ್ಲ. ನೆಂಟರ ಮನೆಗೆ ಹೋದರೆ ಬರುವಾಗ ಚೀಲದಲ್ಲಿ ದಾಸವಾಳದ ಗೆಲ್ಲು ಇದ್ದೇ ಇರುತ್ತದೆ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಚಿಗುರುತ್ತದೆ ಅಂತ ನಂಬಿಕೆ ಬೇರೆ. ಮಳೆ ಹಿಡಿಯುವ ಮುನ್ನ ಶಿರಸಿಯಲ್ಲಿ ವನಸ್ತ್ರೀ ಎಂಬ ಕೈತೋಟದ ಹೆಂಗಸರ ಬಳಗದವರು ನಡೆಸುತ್ತಾ ಬಂದ ಮಲೆನಾಡು ಮೇಳ ನೋಡಿದವರಿಗೆ ಬೀಜ, ಗಡ್ಡೆ ಕೈ ಬದಲಾಗುವ ಚಂದ ಗೊತ್ತು.

ಆದರೆ ಮೂಲೆಯಿಂದ ಮೂಲೆಗೆ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುವಾಗ ಕೆಲವು ಕಟ್ಟುನಿಟ್ಟು ಬೇಕು. ಮಣ್ಣು ಕಳಿಸಬೇಡಿ. ಮಣ್ಣಿನ ಜೊತೆ ಬೇರಿಗೆ ಹತ್ತುವ ಜಂತುಹುಳ, ಆಫ್ರಿಕನ್ ಬಸವನಹುಳದ ಮೊಟ್ಟೆ, ಎಲ್ಲ ಪ್ರಯಾಣ ಮಾಡುತ್ತವೆ. ಗೆಲ್ಲಾದರೆ ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಎಲೆ ಕಿತ್ತು ಒದ್ದೆ ಪೇಪರ್ ಸುತ್ತಿ.

ಡೇರೆ ಗಡ್ಡೆ ಮಾತ್ರ ಬೇರೆ ಕಥೆ. ಗೊಂಚಲಿನಿಂದ ದಪ್ಪ ಗಡ್ಡೆ ಮುರಿದು ಕಳಿಸುತ್ತಾರೆ, ತಗೊಂಡವರು ನೆಟ್ಟು ಎರಡು ತಿಂಗಳು ಕಾಯುತ್ತಾರೆ, ಏನೂ ಬರುವುದಿಲ್ಲ, ‘ಶಿರಸಿಯವರು ಮೋಸ ಮಾಡಿದರು’ ಅನ್ನುತ್ತಾರೆ. ಗಡ್ಡೆಯಲ್ಲಿ ಕಣ್ಣು ಇರುವುದಿಲ್ಲ. ಕಣ್ಣು ಇರುವುದು ಗಡ್ಡೆಯ ಕುತ್ತಿಗೆ ಹಳೆಯ ಕಾಂಡಕ್ಕೆ ಅಂಟಿದ ಜಾಗದಲ್ಲಿ. ಆ ಕಾಂಡದ ಚೂರು ಸಮೇತ ಚಾಕುವಿನಲ್ಲಿ ಸೀಳಿ ತೆಗೆಯಬೇಕು. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪ ಇದ್ದರೂ ದಂಡ. ಕೊಯ್ದ ಜಾಗಕ್ಕೆ ಬೂದಿ ಸವರಿ, ಒಂದು ದಿನ ನೆರಳಲ್ಲಿ ಆರಿಸಿ, ಒಣ ಮರದ ಹೊಟ್ಟು ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದರೆ ಹುಬ್ಬಳ್ಳಿ ದಾಟುವುದರೊಳಗೆ ಬೆವರುತ್ತದೆ. ಬಣ್ಣದ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಅಳಿಸಿಹೋಗಿ ಬಿಳಿ ಅಂದುಕೊಂಡದ್ದು ಕೆಂಪು ಬಿಡುತ್ತದೆ.

ಹಂಚಬಾರದ ಗಿಡದ ಪಟ್ಟಿಯೂ ಇರಲಿ. ಹಳದಿ ಹೂವಿನ ಸಿಂಗಾಪುರ ಡೇಸಿ ಬೇಲಿ ಬುಡಕ್ಕೆ ಚಂದ ಅಂತ ಒಬ್ಬರು ಹಂಚಿದರು, ಈಗ ಅದು ಕಾಲುವೆ ಹಿಡಿದು ತೋಟಕ್ಕೇ ಇಳಿದಿದೆ. ಅಂತರಗಂಗೆಯೂ ಬೇಡ, ಹೂವು ಎಷ್ಟೇ ಚಂದ ಇರಲಿ. ಹಾಗೆಯೇ ‘ಹೂವು ದುಪ್ಪಟ್ಟು’ ಅನ್ನುವ ಟಾನಿಕ್ ಬಾಟಲಿಯವರು ಮೇಳಕ್ಕೆ ಪ್ರಾಯೋಜಕರಾಗುತ್ತೇವೆ ಅಂತ ಬಂದರೆ ಚಹಾ ಕೊಟ್ಟು ಕಳಿಸಿ. ನಾನು ಒಂದು ಬಾಟಲಿ ಹಾಕಿ ನೋಡಿದ್ದೇನೆ, ಎಲೆ ಮಾತ್ರ ದುಪ್ಪಟ್ಟಾಯಿತು.

ವಾರ್ಷಿಕ ಸಭೆ, ಟ್ರಂಕು

ಲೆಕ್ಕ ಆಡಿಟ್ ಮಾಡಿಸಿ, ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ಪ್ರತಿ ವರ್ಷ ನೋಂದಣಾಧಿಕಾರಿಗೆ ಸಲ್ಲಿಸಿ. ನಾಲ್ಕು ವರ್ಷದ್ದು ಒಟ್ಟಿಗೆ ಕೊಡೋಣ ಅಂದುಕೊಂಡವರು ದಂಡ ಕಟ್ಟಿ, ಅಲೆದು ಸುಸ್ತಾಗುತ್ತಾರೆ. ಎಲ್ಲರಿಗೂ ಹೊಂದುವ ದಿನ ಪಂಚಾಂಗದಲ್ಲಿ ಇಲ್ಲ. ನಮಗೆ ಅಡಿಕೆ, ಅವರಿಗೆ ಹಿಂಗಾರಿ ಬಿತ್ತನೆ, ಎಲ್ಲರಿಗೂ ಮೇ ತಿಂಗಳ ಮದುವೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ. ಜಾಗವನ್ನು ಶಾಖೆಯಿಂದ ಶಾಖೆಗೆ ತಿರುಗಿಸುತ್ತಾ ಹೋಗಿ, ಸಾಕು. ಪ್ರತಿ ವರ್ಷ ಬೆಂಗಳೂರಲ್ಲೇ ಇಡಬೇಡಿ.

ಕಾರ್ಯದರ್ಶಿ ಬದಲಾಗುವ ದಿನ ಹಸ್ತಾಂತರಕ್ಕೆ ಒಂದು ತಗಡಿನ ಟ್ರಂಕು ಇರಲಿ. ನೋಂದಣಿ ಪತ್ರ, ಬೈಲಾ, ಠರಾವು ಪುಸ್ತಕ, ರಶೀದಿ ಪುಸ್ತಕ, ಸೀಲು, ಗಂಟೆಯ ನೋಟ್‌ಬುಕ್ಕು, ಗಡ್ಡೆ ಪುಸ್ತಕ, ವಾಟ್ಸಾಪ್ ಗುಂಪಿನ ಸಂಘದ ಸಿಮ್. ಪಟ್ಟಿ ಓದಿ, ಇಬ್ಬರೂ ಸಹಿ ಹಾಕಿ, ಅವತ್ತೇ ಸಾಗಿಸಿ. ‘ಮುಂದಿನ ವಾರ ಕಳಿಸುತ್ತೇನೆ’ ಅನ್ನುವ ಟ್ರಂಕು ಮೂರು ವರ್ಷ ಅಟ್ಟದ ಮೇಲೆ ಇರುತ್ತದೆ. ನಮ್ಮದು ಈಗ ತೀರ್ಥಹಳ್ಳಿಯಲ್ಲಿದೆ. ಬೀಗದ ಕೈ ಒಂದು ನನ್ನ ಹತ್ತಿರವೇ ಉಳಿದುಬಿಟ್ಟಿದೆ, ನಾಳೆ ಬೆಳಗಿನ ಬಸ್ಸಿಗೆ ಕೊಡಬೇಕು.